ಬಿಡುಗಡೆಯ ಹಿಂದಿನ ಸಂಜೆ

ಬೇಕರಿಯವನು ನಿರ್ದೇಶಕರ ಮೇಜಿನ ಮುಂದೆ ನಿಂತು ಅಳುತ್ತಿದ್ದ.

"ಆಸ್ಪತ್ರೇಲಿದ್ದೆ ಸಾರ್, ವೆಬ್ ವಿಳಾಸದ ಫೀಸು ಕಟ್ಟೋದು ಮರೆತುಹೋಯ್ತು. ತಪ್ಪು ನಂದೇ. ಆದ್ರೆ ನೀವು ಹೆಸರು ಬಿಟ್ಟ ಕ್ಷಣಕ್ಕೇ ಇನ್ಯಾರೋ ಹೇಗೆ ಎತ್ಕೊಂಡ್ರು? ನಾನೂ ದಿನಾ ಬೆಳಿಗ್ಗೆ ಕಾದು ಕೂತಿದ್ದೆನಲ್ಲ!"

ಅವನ ಬೇಕರಿಯ ವೆಬ್ ವಿಳಾಸ ತೆರೆದರೆ ಈಗ ಬ್ರೆಡ್ಡಿಲ್ಲ, ಬನ್ನಿಲ್ಲ. ಹಳದಿ ಅಕ್ಷರದಲ್ಲಿ ಒಂದೇ ಸಾಲು: ‘ಈ ಹೆಸರು ಮಾರಾಟಕ್ಕಿದೆ.’ ಎಂಟು ತಿಂಗಳಿನಿಂದ ಎಷ್ಟೋ ಜನರಿಗೆ ಹೀಗೇ. ಯಾವನೋ ಕಳ್ಳ ಹೆಸರುಗಳನ್ನು ಹಾರಿಸಿಕೊಂಡು, ಕಳೆದುಕೊಂಡವರಿಗೇ ಹತ್ತುಪಟ್ಟು ಬೆಲೆಗೆ ಮಾರುತ್ತಿದ್ದ.

ದೇಶದ ವೆಬ್ ವಿಳಾಸಗಳೆಲ್ಲ ನೋಂದಣಿಯಾಗುವುದು ಇದೇ ಕಚೇರಿಯಲ್ಲಿ. ಶುಲ್ಕ ಕಟ್ಟದವರ ಹೆಸರನ್ನು ಕೆಲಕಾಲ ಕಾಯ್ದಿಟ್ಟು, ಆಮೇಲೆ ಎಲ್ಲರಿಗೂ ಬಿಡುತ್ತಾರೆ. ಮೊದಲು ಕೇಳಿದವರ ಪಾಲು. ಯಾವ ಹೆಸರು ಯಾವತ್ತು ಬಿಡುಗಡೆ ಎಂಬುದು ಮಾತ್ರ ಗುಟ್ಟು. ಹೊಂಚುಹಾಕುವವರಿಗೆ ಸಿಗದಿರಲಿ ಎಂದು ನಿರ್ದೇಶಕರೇ ಮಾಡಿದ ನಿಯಮ ಅದು. ಗೊತ್ತಿರುತ್ತಿದ್ದದ್ದು ಇಬ್ಬರಿಗೆ: ಅವರಿಗೆ ಮತ್ತು ಅಕ್ಕನಿಗೆ.

ಅಕ್ಕ ಅಂದರೆ ಇಡೀ ಕಚೇರಿಗೆ ಅಕ್ಕ. ಕಚೇರಿ ಒಂದೇ ಕೋಣೆಯಲ್ಲಿದ್ದ ಕಾಲದಿಂದ ಇದ್ದವಳು, ನಿರ್ದೇಶಕರಿಗೆ ಕೆಲಸ ಕಲಿಸಿದವಳು. ಅವರು ದೊಡ್ಡ ಕುರ್ಚಿಗೆ ಏರಿದ ಮೇಲೂ ‘ನೀನು’ ಎಂದೇ ಕರೆಯುತ್ತಿದ್ದಳು.

ನಿರ್ದೇಶಕರು ಅವಳಿಗೇ ಬಲೆ ಬೀಸಿದರು. ಮುಚ್ಚಿಹೋದ ಒಂದು ಹೂವಿನಂಗಡಿಯ ಹೆಸರನ್ನು ಆರಿಸಿ, ಮರುದಿನ ಬಿಡುವುದೆಂದು ಅಕ್ಕನ ಕಿವಿಗೆ ಮಾತ್ರ ಹಾಕಿದರು.

ಸಂಜೆ ಮನೆಯಲ್ಲಿ ಕಾಲು ಚಾಚಿ ಕುಳಿತು ಎಂದಿನ ವ್ರತ ಪೂರೈಸಿದರು. ನಾಳೆ ಬಿಡುವ ಹೆಸರನ್ನು ಹಿಂದಿನ ಸಂಜೆಯೇ ಹೊರಗಿನ ಗಿರಾಕಿಯ ಹಾಗೆ ಫೋನಿನಲ್ಲಿ ಹುಡುಕಿ, ಜನಕ್ಕೆ ಸರಿಯಾಗಿ ಕಾಣುತ್ತಿದೆಯೇ ಎಂದು ನೋಡುವುದು. ಕಚೇರಿಯ ಪರದೆಯನ್ನಷ್ಟೇ ನಂಬುವ ಆಸಾಮಿಯಲ್ಲ ಅವರು. ಪಕ್ಕದಲ್ಲಿ ಮಗಳು ಹಸುಗೂಸನ್ನು ತಟ್ಟುತ್ತಿದ್ದಳು.

"ಸಾಕು ಮಾವ, ಕಣ್ಣಿಗೆ ಸ್ವಲ್ಪ ರಜ ಕೊಡಿ," ಎಂದ ಅಳಿಯ, ಚಾರ್ಜರ್ ತಂದುಕೊಡುತ್ತ. ಜನರಿಗೆ ವೆಬ್‌ಸೈಟ್ ಮಾಡಿ, ಹೆಸರು ಕೊಡಿಸುವ ಸಣ್ಣ ಅಂಗಡಿ ಅವನದು. ತನ್ನ ಪುಟದಲ್ಲಿ ಜನ ಯಾವ ಹೆಸರು ಹುಡುಕುತ್ತಾರೆಂದು ನೋಡಿಯೇ ಗಿರಾಕಿ ಹಿಡಿಯುತ್ತಿದ್ದ. ಮಾವ ನಿರ್ದೇಶಕರಾಗಿದ್ದೂ ಒಂದು ಶಿಫಾರಸು ಕೇಳಿದವನಲ್ಲ. ಆ ವಿಷಯದಲ್ಲಿ ಅವರಿಗೆ ಹೆಮ್ಮೆಯೋ ಹೆಮ್ಮೆ.

ಬೆಳಿಗ್ಗೆ ಹೂವಿನಂಗಡಿಯ ಹೆಸರು ಬಿಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ನಿರ್ದೇಶಕರು ಅಕ್ಕನನ್ನು ಕರೆಸಿದರು.

"ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು ಅಕ್ಕ?"

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಆ ಹೆಸರು ಇನ್ಯಾರಿಗೆ ಗೊತ್ತಿತ್ತು?"

"ನನಗೆ, ನಿಮಗೆ. ಅಷ್ಟೇ."

"ಹಾಗಾದ್ರೆ ನಮ್ಮಿಬ್ಬರಲ್ಲಿ ಒಬ್ಬರ ಕಡೆಯಿಂದ ಹೋಗಿದೆ. ನೀನಲ್ಲ ಅಂತ ನಾನು ಯಾರ ಮುಂದೆ ಬೇಕಾದ್ರೂ ಆಣೆ ಮಾಡ್ತೀನಿ. ನನ್ನ ಬಗ್ಗೆ ನೀನು ಮಾಡ್ತೀಯಾ?"

ನಿರ್ದೇಶಕರು ಅವಳ ಕಡತ ತರಿಸಿದರು.

ನಿವೃತ್ತಿಯ ಹೊಸ್ತಿಲಲ್ಲಿದ್ದವಳನ್ನು ಕೆಲಸದಿಂದ ತೆಗೆದರು. ಪಿಂಚಣಿಯೂ ಹೋಯಿತು, ಮಾನವೂ ಹೋಯಿತು. ಹೊರಡುವಾಗ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಬಾಗಿಲಲ್ಲಿ ತಿರುಗಿ ನಿಂತು, "ಬರ್ತೀನಿ ಸಾರ್" ಎಂದಳು. ಆಕೆ ಅವರನ್ನು ಸಾರ್ ಎಂದದ್ದು ಅದೇ ಮೊದಲು. ನಿರ್ದೇಶಕರಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ.

ಹೊಸ ವ್ಯವಸ್ಥೆ ಬರುವತನಕ ಬಿಡುಗಡೆಯನ್ನೇ ನಿಲ್ಲಿಸಿದರು. ಕಳವೂ ನಿಂತಿತು. ಇನ್ನೇನು ಸಾಕ್ಷಿ ಬೇಕು? "ನೋಡೋಕೆ ಸಾಧು, ಮಾಡೋದೆಲ್ಲ ಹೀಗೆ," ಎಂದು ಕಚೇರಿ ಆಡಿಕೊಂಡಿತು. ಬೇಕರಿಯವನು ಬಂದು ಕೈ ಮುಗಿದು ಹೋದ.

ಮೊಮ್ಮಗಳಿಗೆ ಮೂರು ತಿಂಗಳು ತುಂಬಿದಾಗ ನಿರ್ದೇಶಕರಿಗೊಂದು ಆಸೆ ಹುಟ್ಟಿತು. ಮಗುವಿನ ಗುಳುಗುಳು ಸದ್ದಿನಿಂದಲೇ ಅವರು ಒಂದು ಮುದ್ದುಹೆಸರು ಕಟ್ಟಿದ್ದರು. ಯಾವ ನಿಘಂಟಿನಲ್ಲೂ ಇಲ್ಲದ್ದು. ಆ ಹೆಸರಿನಲ್ಲಿ ಒಂದು ವಿಳಾಸ ಕೊಂಡು, ಮಗಳು-ಅಳಿಯನನ್ನು ಬೆರಗುಗೊಳಿಸಬೇಕು. ಅದಕ್ಕೇ ಮನೆಯಲ್ಲೂ ಬಾಯಿ ಬಿಡಲಿಲ್ಲ, ಮಗುವಿನ ಕಿವಿಯಲ್ಲಷ್ಟೇ ಪಿಸುಗುಟ್ಟಿದರು. ಸಂಜೆ ಎಂದಿನಂತೆ ಕಾಲು ಚಾಚಿ ಕುಳಿತು ಫೋನಿನಲ್ಲಿ ಹುಡುಕಿದರು. ಖಾಲಿ ಇತ್ತು. ಬೆಳಿಗ್ಗೆ ಕೊಂಡರಾಯಿತು ಎಂದು ನೆಮ್ಮದಿಯಾಗಿ ಮಲಗಿದರು.

ಬೆಳಿಗ್ಗೆ ಕಚೇರಿಯಲ್ಲಿ ಆ ವಿಳಾಸ ತೆರೆದರು. ಹಳದಿ ಅಕ್ಷರ, ಒಂದೇ ಸಾಲು: ‘ಈ ಹೆಸರು ಮಾರಾಟಕ್ಕಿದೆ.’

ಗಾಜಿನಾಚೆ ಅಕ್ಕನ ಕುರ್ಚಿ ಖಾಲಿ ಇತ್ತು.

ಆ ಹೆಸರು ಗೊತ್ತಿದ್ದದ್ದು ಅವರಿಗೆ, ಮಾತು ಬಾರದ ಮೊಮ್ಮಗಳಿಗೆ, ಮತ್ತು ದಿನಾ ಸಂಜೆ ಅವರು ಹೆಸರು ಹುಡುಕುತ್ತಿದ್ದ, ಅಳಿಯನೇ ಅವರ ಫೋನಿಗೆ ಹಾಕಿಕೊಟ್ಟಿದ್ದ, ಅವನ ಅಂಗಡಿಯ ಪುಟಕ್ಕೆ.