ಮೇಡಂ ತಂದ ನೀರು

2019ರ ಆಗಸ್ಟ್ 11, ಭಾನುವಾರ ಬೆಳಿಗ್ಗೆ 10.20. ಪಿಯುಸಿಯಲ್ಲಿ ತನ್ನನ್ನು ಎರಡು ಸಲ ಫೇಲ್ ಮಾಡಿದ್ದ ಕೆಮಿಸ್ಟ್ರಿ ಮೇಡಂ ತನ್ನ ಸಾಕುಮೀನಿನಂಗಡಿಯ ಗಲ್ಲಾದ ಮೇಲೆ ಒಂದು ಬಾಟಲಿ ನೀರು ಇಟ್ಟದ್ದನ್ನು ವಿಠೋಬ ನೋಡಿದ.

"ನೀನು ಕೊಟ್ಟ ಮೂರನೇ ಉಪ್ಪುನೀರಿನ ಮೀನೂ ಸತ್ತೋಯ್ತು ಕಣಯ್ಯಾ. ಬೇರೆ ಕೊಡು."

"ನೀರು ಕೆಟ್ರೆ ಮೀನೇನು ಮಾಡುತ್ತೆ ಮೇಡಂ? ಮೀನಿನ ಹೊಲಸಿಂದ ನೀರಿಗೆ ಸೇರೋ ನೈಟ್ರೇಟ್ ಎಷ್ಟಿದೆ ನೋಡೋಣ ಇರಿ. ಲೀಟರಿಗೆ ಮೂವತ್ತು ಮಿಲಿಗ್ರಾಂ ದಾಟಬಾರದು."

ಪರೀಕ್ಷೆಯ ಹನಿ ಹಾಕಿದ ಐದು ನಿಮಿಷಕ್ಕೆ ನೀರು ಕಡುಗೆಂಪಾಯಿತು. ವಿಠೋಬನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ನೂರರವತ್ತು! ಇದು ನೀರಾ ಮೇಡಂ, ಕೊಚ್ಚೆ! ಇದ್ರಲ್ಲಿ ಮೀನು ಸಾಕೋರನ್ನ ಒದ್ದು ಒಳಗೆ ಹಾಕ್ಬೇಕು!"

ಗಿರಾಕಿಗಳೆಲ್ಲ ನಕ್ಕರು. ಮೇಡಂ ಕೂಡ ನಕ್ಕರು.

"ನೀನು ಫೋನಲ್ಲಿದ್ದಾಗ ಅದನ್ನ ನಿನ್ನ ತೊಟ್ಟಿಯಿಂದಲೇ ತುಂಬ್ಕೊಂಡೆ. ನಮ್ಮನೇದು ಇಲ್ಲಿದೆ, ನೋಡು," ಎಂದು ಅವರು ಚೀಲದಿಂದ ತೆಗೆದ ಇನ್ನೊಂದು ಬಾಟಲಿಯ ನೀರು ಅದೇ ಪರೀಕ್ಷೆಯಲ್ಲಿ ತೋರಿಸಿದ್ದು ಲೀಟರಿಗೆ ಬರೀ ಐದು ಮಿಲಿಗ್ರಾಂ.