ಅಮ್ಮನ ಪಕ್ಕದ ಸಾಲು

ಪಾರ್ಕಿನ ಟಿಕೆಟ್ ದರ ಮತ್ತೆ ಏರಿತ್ತು, ಜನವೂ ಏರಿತ್ತು. ಆಟಗಳ ಮುಂದೆ ಅರವತ್ತು ದಾಟಿದವರಿಗೆ ಮಾತ್ರ ಪ್ರತ್ಯೇಕ, ಚಿಕ್ಕ ಸಾಲು. ಅವರ ಕೈ ಹಿಡಿದುಕೊಂಡು ಇನ್ನೊಬ್ಬರು ಒಳಗೆ ಹೋಗಬಹುದಿತ್ತು. ಅದಕ್ಕೇ ಮಗ ಈ ಸಲ ತಾಯಿಯನ್ನೂ ಕರೆತಂದಿದ್ದ. ಪ್ರತಿ ಆಟಕ್ಕೂ ಅವಳ ಕೈ ಹಿಡಿದು ಮೊದಲು ಅವನು, ಆಮೇಲೆ ಸೊಸೆ.

ಮಧ್ಯಾಹ್ನ ಮುದುಕಿ ಐಸ್‌ಕ್ರೀಮ್ ಕೇಳಿದಳು.

"ಇಲ್ಲಿ ಒಂದಕ್ಕೆ ಇನ್ನೂರು ಕಣಮ್ಮ. ಹೊರಗೆ ಹೋದ್ಮೇಲೆ ಕೊಡಿಸ್ತೀನಿ."

"ಬೆಳಗ್ಗೆ ಕಾಫಿಗೂ ಹಂಗೇ ಅಂದೆ."

"ನಾವು ಒದ್ದೆ ಬಟ್ಟೆ ಬದಲಾಯಿಸಿ ಬರ್ತೀವಿ. ಇಲ್ಲೇ ಕೂತಿರು. ಜಯಂಟ್ ವೀಲ್ ಇನ್ನೂ ಬಾಕಿ ಇದೆ."

ಅವರು ಬಂದು ನೋಡಿದಾಗ ಬೆಂಚು ಖಾಲಿ. ಸುತ್ತಮುತ್ತ ಹುಡುಕಿದರೂ ಅವಳು ಸಿಗಲಿಲ್ಲ.

"ಅತ್ತೆ ಕಳೆದುಹೋಗಿದ್ರೆ ಏನ್ರೀ ಮಾಡೋದು?"

"ಆಮೇಲೆ ಮೈಕಲ್ಲಿ ಕೂಗಿಸೋಣ. ಮೊದ್ಲು ಸಾಲು ಹಿಡಿ, ಆರಕ್ಕೆ ಮುಚ್ತಾರೆ."

ಜಯಂಟ್ ವೀಲಿನ ಸಾಲು ಸುತ್ತಿ ಸುತ್ತಿ ಊಟದ ಹಾಲ್‌ವರೆಗೂ ಬೆಳೆದಿತ್ತು. ಆರು ಗಂಟೆ ಹತ್ತಿರವಾದಾಗ ಅವರು ಗೇಟಿನ ಪಕ್ಕದ ತಿರುವಿಗೆ ಬಂದಿದ್ದರೂ ಮುಂದೆ ಇನ್ನೂ ನೂರಾರು ತಲೆಗಳಿದ್ದವು. ಅಷ್ಟರಲ್ಲಿ ಪಕ್ಕದ ಹಿರಿಯರ ಸಾಲಿನಲ್ಲಿ ಮುದುಕಿ ಬಂದಳು. ಒಂದು ಕೈಯಲ್ಲಿ ಕೋನ್ ಐಸ್‌ಕ್ರೀಮ್ ಇತ್ತು. ಇನ್ನೊಂದು ಕೈಯನ್ನು ಯಾರೋ ಕಾಲೇಜು ಹುಡುಗಿ ಹಿಡಿದುಕೊಂಡಿದ್ದಳು.

ಗೇಟಿನವನು ನಕ್ಕ. "ಮತ್ತೆ ಬಂದ್ರಾ ಅಜ್ಜಿ? ಎಷ್ಟು ಜನ ಮೊಮ್ಮಕ್ಕಳು ನಿಮ್ಗೆ?"

"ಅಮ್ಮಾ, ಇಲ್ಲಿ ನೋಡು, ನಾನು!" ಮಗ ಸರಪಳಿಯ ಮೇಲಿಂದ ಕೈ ಚಾಚಿ ಕೂಗಿದ.

"ಇವ್ರೂ ನಿಮ್ಮೋರಾ ಅಜ್ಜಿ?" ಗೇಟಿನವನು ಕೇಳಿದ.

ಮುದುಕಿ ಕರಗುತ್ತಿದ್ದ ಐಸ್‌ಕ್ರೀಮನ್ನು ಒಮ್ಮೆ ನೆಕ್ಕಿ ಮಗನನ್ನು ನೋಡಿದಳು.

"ಈ ಸಾಲು ನೋಡಿದ್ಮೇಲೆ ಎಲ್ರೂ ಅಮ್ಮ ಅಂತಾರಪ್ಪ. ಹಿಂದ್ಗಡೆಯಿಂದ ಬರೋಕೆ ಹೇಳು."