ಒಣಗಿದ ಬಂಡೆ ನಮ್ಮದು

ಚಂದ್ರಾ ಲೇಔಟಿನ ನಮ್ಮ ಮನೆಯ ಅಟ್ಟದಲ್ಲಿರುವ ಗಾಳದ ಬಿಡಿ ದಾರದ ಸುರುಳಿಗೆ ಈಗಲೂ ಉಪ್ಪಿನ ವಾಸನೆಯಿದೆ. ಮೂಸಿದರೆ ಕಾರವಾರದ ಕಡೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಬ್ಯಾಡರಹಳ್ಳಿಯ ಚಿಕ್ಕಪ್ಪ ಸೈಟು ಅಳೆದು ಕಲ್ಲು ನೆಡಿಸುವವರು. ಮೀನು ಹಿಡಿಯಲು ಹೋದಾಗಲೂ ಅವರು ಸೀದಾ ಬಂಡೆ ಹತ್ತಲಿಲ್ಲ. ದೂರ ಕುಳಿತು, ಕೋರ್ಟಿನ ಅಮೀನರ ಗಾಂಭೀರ್ಯದಿಂದ ಅರ್ಧ ಗಂಟೆ ಅಲೆಗಳನ್ನೇ ನೋಡಿದರು.

“ಏನೋ, ಸಮುದ್ರಕ್ಕೆ ನೋಟಿಸ್ ಕೊಡ್ತೀಯಾ?” ಎಂದರು ಅಪ್ಪ.

“ಗಡಿ ನೋಡ್ತಾ ಇದೀನಿ ಅಣ್ಣ. ಒದ್ದೆ ಬಂಡೆ ಅದರದ್ದು, ಒಣಗಿರೋದು ನಮ್ದು.”

ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಒಣ ಬಂಡೆಯ ಮೇಲೆ ನೇರವಾಗಿ ಗೆರೆ ಎಳೆದರು. ನಾನು ಅವರ ಬೆನ್ನ ಹಿಂದೆ ಕೂರಬೇಕೆಂದು ಅಪ್ಪಣೆಯಾಯಿತು.

ಬಹಳ ಹೊತ್ತಿನ ಮೇಲೆ ಅಪ್ಪನ ಗಾಳಕ್ಕೆ ದೊಡ್ಡ ಮೀನು ಸಿಕ್ಕಿತು. ಅದು ಎಳೆದ ರಭಸಕ್ಕೆ ಗಾಳದ ಕೋಲು ಕೈಜಾರಿ ಒದ್ದೆ ಬಂಡೆಯ ಮೇಲೆ ಬಿತ್ತು. ಚಿಕ್ಕಪ್ಪ ಆಸೆಪಟ್ಟು ಕೊಂಡಿದ್ದ ಹೊಸ ಕೋಲದು. ಅಪ್ಪ ಅದನ್ನು ಹಿಡಿಯಲು ಗೆರೆ ದಾಟಿದರು. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದ ಚಿಕ್ಕಪ್ಪ ಅವರ ಕಾಲರು ಹಿಡಿದು ಎಳೆದರು.

“ಕೋಲು ಹಾಳಾಗ್ಲಿ, ಹಿಂದಕ್ಕೆ ಬಾರೋ!”

ಮರುಕ್ಷಣವೇ ಅಲೆಯೊಂದು ಒದ್ದೆ ಬಂಡೆಯನ್ನು ಪೂರ್ತಿ ಮುಚ್ಚಿತು. ಅದು ಇಳಿದಾಗ ಕೋಲಿರಲಿಲ್ಲ. ಸುಣ್ಣದ ಗೆರೆ ಮಾತ್ರ ಒಣಗಿಯೇ ಇತ್ತು.

ನಾವು ಇಳಿದುಕೊಂಡಿದ್ದ ಮನೆಯಲ್ಲಿ ಅಮ್ಮ ಮಸಾಲೆ ಅರೆದಿಟ್ಟು ಕಾಯುತ್ತಿದ್ದಳು. “ಎಷ್ಟು ತಂದ್ರಿ?”

ಅಪ್ಪ ಚಿಕ್ಕಪ್ಪನ ಕಡೆ ನೋಡಿ ಹರಿದ ಕಾಲರನ್ನು ಸರಿಮಾಡಿಕೊಂಡರು.

“ಮೂರು ಜನ ಹೋಗಿದ್ವಿ, ಮೂರೂ ಜನ ಬಂದಿದೀವಿ. ಇವತ್ತು ಮೊದಲು ಅವನಿಗೆ ಬಡಿಸು.”